ಇರಾನ್ ಪಂದ್ಯ ನೋಡಿದ ಮೇಲೆ: ನಮ್ಮ ಮಕ್ಕಳು ವರ್ಷಕ್ಕೆ ಎಷ್ಟು ಪಂದ್ಯ ಆಡ್ತಾರೆ?

ಮಾಲಾದೇವಿ_ಮೈದಾನ · ಡಿಸೆಂಬರ್ 1, 2025, ಬೆಳಗ್ಗೆ 6.50

ನಿನ್ನೆ ರಾತ್ರಿ ಕಾರವಾರದ ಕೋಡಿಬಾಗದ ನಮ್ಮ ಮನೆ ಜಗುಲಿಯಲ್ಲಿ ಹನ್ನೊಂದು ಮಕ್ಕಳು ಕೂತಿದ್ದರು. ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ಇಟ್ಟಿದ್ದೆವು. ಅಹಮದಾಬಾದಿನಲ್ಲಿ 17 ವರ್ಷದೊಳಗಿನವರ ಏಷ್ಯಾ ಕಪ್ ಫುಟ್ಬಾಲ್ ಅರ್ಹತಾ ಸುತ್ತಿನ ಕೊನೆಯ ಪಂದ್ಯ, ಎದುರಿಗೆ ಇರಾನ್. ನಮಗೆ ಗೆಲುವೇ ಬೇಕಿತ್ತು, ಡ್ರಾ ಸಾಲುತ್ತಿರಲಿಲ್ಲ. ಮೊದಲ ಗೋಲು ಇರಾನಿನವರು ಹೊಡೆದರು. ನನ್ನ ಪಕ್ಕ ಕೂತಿದ್ದ ಹುಡುಗ ಮಾತಿಲ್ಲದೆ ಎದ್ದುಹೋಗಿ ಬಾವಿಕಟ್ಟೆ ಮೇಲೆ ಕೂತ. ವಿರಾಮಕ್ಕೆ ಮುಂಚೆ ದಲ್ಲಾಲ್‌ಮುವಾನ್ ಗಾಂಗ್ಟೆ ಪೆನಾಲ್ಟಿ ಒಳಗೆ ಹಾಕಿದಾಗ ಉಳಿದವರು ಹಾಕಿದ ಕೂಗಿಗೆ ಓಡಿ ಬಂದ. ವಿರಾಮ ಮುಗಿದು ಸ್ವಲ್ಪದರಲ್ಲೇ ಗುನ್ಲೈಬಾ ಎರಡನೇ ಗೋಲು ಹೊಡೆದ. ಅಲ್ಲಿಂದ ಕೊನೆಯ ಸೀಟಿಯವರೆಗೆ ಜಗುಲಿ ಮೇಲೆ ಯಾರೂ ಸರಿಯಾಗಿ ಉಸಿರು ಬಿಡಲಿಲ್ಲ. 2-1. ಮುಂದಿನ ವರ್ಷ ಸೌದಿ ಅರೇಬಿಯಾದಲ್ಲಿ ನಡೆಯುವ ಏಷ್ಯಾ ಕಪ್ಪಿಗೆ ನಾವು ಹೊರಟೆವು.

ಮಕ್ಕಳನ್ನು ಅವರವರ ಮನೆಗೆ ಬಿಟ್ಟು ಬಂದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಈ ಗುಂಪಿನಲ್ಲಿ ನಮ್ಮವರ ಲೆಕ್ಕ ಒಮ್ಮೆ ನೋಡಿ. ನವೆಂಬರ್ 22ಕ್ಕೆ ಪ್ಯಾಲೆಸ್ತೀನ್ ಜೊತೆ 1-1. 26ಕ್ಕೆ ಚೈನೀಸ್ ತೈಪೆ ಮೇಲೆ 3-1 ಗೆಲುವು. 28ಕ್ಕೆ ಲೆಬನಾನ್ ಎದುರು 0-2 ಸೋಲು. 30ಕ್ಕೆ ಇರಾನ್ ಮೇಲೆ ಗೆಲುವು. ಒಂದು ಡ್ರಾ, ಒಂದು ಸೋಲು ಇದ್ದೂ ಗುಂಪಿಗೆ ಮೊದಲು ಬಂದರು. ಸೋತವರಿಗೆ ಎರಡು ದಿನದ ಮೇಲೆ ಇನ್ನೊಂದು ಪಂದ್ಯ ಇತ್ತು. ಅದರಲ್ಲಿ ಸರಿಮಾಡಿಕೊಂಡರು.

ಈಗ ನಮ್ಮ ಮಕ್ಕಳದ್ದು ನೋಡಿ. ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟ, ನಾಕೌಟ್, ಸೋತರೆ ಅಲ್ಲಿಗೇ ಹೊರಗೆ. ಈ ವರ್ಷ ನಾನು ಕಲಿಸುವ ಮಕ್ಕಳ ಪೈಕಿ ನಾಲ್ವರು ಅವರ ಶಾಲೆಯ ತಂಡದಲ್ಲಿದ್ದರು. ಮೊದಲ ಪಂದ್ಯ, ಜಡಿಮಳೆ, ಗೋಲು ಇಲ್ಲ, ಪೆನಾಲ್ಟಿಯಲ್ಲಿ ಸೋಲು. ಒಟ್ಟು ನಲವತ್ತು ನಿಮಿಷದ ಆಟ. ಅವರ ಈ ವರ್ಷದ ಫುಟ್ಬಾಲ್ ಅಲ್ಲಿಗೆ ಮುಗಿಯಿತು. ಬಾವಿಕಟ್ಟೆಗೆ ಹೋಗಿ ಕೂತ ಹುಡುಗ ಅವತ್ತು ಪೆನಾಲ್ಟಿ ಹೊರಗೆ ಹೊಡೆದವನು. ಅದನ್ನು ತಿದ್ದಿಕೊಳ್ಳಲು ಅವನಿಗೆ ಇನ್ನೊಂದು ಪಂದ್ಯ ಸಿಗುವುದು ಮುಂದಿನ ವರ್ಷ.

ನನ್ನ ಪ್ರಶ್ನೆ ಇಷ್ಟೇ. ಕಾರವಾರ, ಅಂಕೋಲಾ, ಶಿರಸಿ ಕಡೆ ಹನ್ನೆರಡು ಹದಿಮೂರು ವರ್ಷದ ಮಗು ವರ್ಷಕ್ಕೆ ಎಷ್ಟು ನಿಜವಾದ ಪಂದ್ಯ ಆಡುತ್ತದೆ? ರೆಫ್ರಿ, ಸಮಯ, ಎದುರಿಗೆ ಗುರುತಿಲ್ಲದ ತಂಡ ಇರುವಂಥ ಪಂದ್ಯ. ನಿಮ್ಮ ನಿಮ್ಮ ಊರಿನದ್ದು ಬರೆಯಿರಿ.

---

ಸದಾಶಿವಗಡ_ದಂಡೆ · ಡಿಸೆಂಬರ್ 1, ಬೆಳಗ್ಗೆ 8.15

ಮಾಸ್ತರ್ರೆ, ನಮ್ಮ ಕಡೆ ಎರಡು. ಒಂದು ಶಾಲೆಯದ್ದು, ಒಂದು ಜಾತ್ರೆ ಟೈಮಿಗೆ ಯುವಕ ಮಂಡಳದವರು ಇಡುವ ಟೂರ್ನಮೆಂಟು. ಅದರಲ್ಲೂ ದೊಡ್ಡವರದ್ದೇ ನಡೆಯುವುದು, ಮಕ್ಕಳಿಗೆ ಒಂದು ಪ್ರದರ್ಶನ ಪಂದ್ಯ.

ಇನ್ನೊಂದು ಹೇಳಬೇಕು. ಮೊದಲೆಲ್ಲ ನಮ್ಮ ಹುಡುಗರು ಸಂಜೆ ಸೈಕಲ್ ಮೇಲೆ ಕಾಳಿ ಸೇತುವೆ ದಾಟಿ ನಿಮ್ಮ ಮೈದಾನಕ್ಕೆ ಬರುತ್ತಿದ್ದರು. 2024ರ ಆಗಸ್ಟ್ 7ರ ನಸುಕಿಗೆ ಹಳೆ ಸೇತುವೆ ಬಿತ್ತಲ್ಲ, ಅಲ್ಲಿಂದ ಹೊಸ ಸೇತುವೆ ಒಂದೇ. ಹೋಗುವ ಲಾರಿ, ಬರುವ ಲಾರಿ ಎಲ್ಲ ಅದರ ಮೇಲೇ. ಆ ಟ್ರಾಫಿಕ್ಕಿನಲ್ಲಿ ಮಗುವನ್ನು ಸೈಕಲ್ ಮೇಲೆ ಕಳಿಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ಆರೇಳು ಹುಡುಗರು ಹಾಗೇ ಬರುವುದು ಬಿಟ್ಟರು. ಅವರಲ್ಲಿ ಒಬ್ಬ ಎಡಗಾಲಿನವ, ನಿಮಗೆ ನೆನಪಿರಬಹುದು.

---

ಮಾಲಾದೇವಿ_ಮೈದಾನ · ಡಿಸೆಂಬರ್ 1, ಬೆಳಗ್ಗೆ 8.30

ನೆನಪಿಲ್ಲದೆ ಏನು. ಅವನಷ್ಟು ಚೆನ್ನಾಗಿ ಕಾರ್ನರ್ ಎತ್ತುವ ಹುಡುಗ ಆಮೇಲೆ ಯಾರೂ ಬರಲಿಲ್ಲ. ಅವನ ಮನೆಯವರ ಹತ್ತಿರ ನಾನು ಮಾತಾಡ್ತೇನೆ.

---

ಬೆಂಗಳೂರಲ್ಲಿ_ಕುಮಟಾದವ · ಡಿಸೆಂಬರ್ 1, ಬೆಳಗ್ಗೆ 10.05

ಅರ್ಹತಾ ಸುತ್ತಿನ ಬಗ್ಗೆ ಒಂದೆರಡು ವಿಷಯ ಸೇರಿಸುತ್ತೇನೆ. ಈ ಸಲದ ಗೆಲುವು ಎಷ್ಟು ದೊಡ್ಡದು ಎಂದು ಕೆಲವರಿಗೆ ಗೊತ್ತಾಗಿಲ್ಲ.

ಏಷ್ಯಾ ಕಪ್ಪಿನಲ್ಲಿ 16 ತಂಡ. 2025ರ ವಿಶ್ವಕಪ್ ಆಡಿದ ಏಷ್ಯಾದ 9 ತಂಡಗಳಿಗೆ ನೇರ ಪ್ರವೇಶ. ಉಳಿದದ್ದು 7 ಜಾಗ, ಅದಕ್ಕೆ 38 ದೇಶ, 7 ಗುಂಪು. ಗುಂಪಿಗೆ ಮೊದಲು ಬಂದವರಿಗೆ ಮಾತ್ರ ಜಾಗ. ಎರಡನೆಯವರಿಗೆ ಏನೂ ಇಲ್ಲ.

ಹಿಂದೆ ಹಾಗಿರಲಿಲ್ಲ, ಎರಡನೇ ಸ್ಥಾನದವರಲ್ಲಿ ಉತ್ತಮರಾದ ಕೆಲವರಿಗೂ ಜಾಗ ಇತ್ತು. 2022ರಲ್ಲಿ ದಮ್ಮಾಮಿನಲ್ಲಿ ನಮ್ಮವರು ಮಾಲ್ಡೀವ್ಸ್, ಕುವೈತ್, ಮ್ಯಾನ್ಮಾರ್ ತಂಡಗಳನ್ನು ಸೋಲಿಸಿ, ಸೌದಿ ಎದುರು 1-2ರಲ್ಲಿ ಸೋತು ಎರಡನೇ ಸ್ಥಾನಕ್ಕೆ ಬಂದಿದ್ದರು. ಆದರೂ ಉತ್ತಮ ಎರಡನೆಯವರ ಪಟ್ಟಿಯಲ್ಲಿ ಹೋದರು. 2024ರಲ್ಲಿ ಥಾಯ್ಲೆಂಡಿನಲ್ಲಿ ಬ್ರೂನೈಗೆ 13 ಗೋಲು ಹೊಡೆದು, ತುರ್ಕಮೆನಿಸ್ತಾನವನ್ನು ಸೋಲಿಸಿ, ಕೊನೆಗೆ ಥಾಯ್ಲೆಂಡಿಗೆ 2-3ರಲ್ಲಿ ಸೋತರು. ಆಗಲೂ ಎರಡನೇ ಸ್ಥಾನವೇ, ಆದರೆ ಆ ಪಟ್ಟಿಯಲ್ಲಿ ಹೆಸರು ಬರಲಿಲ್ಲ. 2019ರಲ್ಲಿ ತಾಷ್ಕೆಂಟಿನಲ್ಲಿ ಗುಂಪಿಗೇ ಮೊದಲು ಬಂದ ಹುಡುಗರದ್ದು ಇನ್ನೂ ಬೇರೆ ಕಥೆ. ತುರ್ಕಮೆನಿಸ್ತಾನ, ಬಹ್ರೇನ್ ಎರಡಕ್ಕೂ ಐದೈದು ಗೋಲು, ಉಜ್ಬೆಕಿಸ್ತಾನದ ನೆಲದಲ್ಲಿ ಅವರೊಂದಿಗೇ 1-1. ಕೊರೊನಾ ಬಂದು ಟೂರ್ನಿಯೇ ರದ್ದಾಯಿತು. ಆ ಹುಡುಗರಿಗೆ ಆ ವಯಸ್ಸು ಮತ್ತೆ ಬರಲಿಲ್ಲ. ನನಗೆ ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮಾಸ್ತರರ ಮಾತಿಗೆ ಬಂದರೆ, ಇಲ್ಲಿ ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹತ್ತು ವರ್ಷದ ಮಕ್ಕಳು ವಾರಕ್ಕೊಂದು ಲೀಗ್ ಪಂದ್ಯ ಆಡುತ್ತಾರೆ. ಕುಮಟೆಯಲ್ಲಿ ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ಆಡಿದ್ದು ಒಟ್ಟು ಐದು ಪಂದ್ಯ.

---

ಶಿರಸಿ_ತೋಟದಮನೆ · ಡಿಸೆಂಬರ್ 1, ಮಧ್ಯಾಹ್ನ 1.20

ನಮ್ಮ ಮಾಣಿ ಹುಟ್ಟಿದ್ದು 2012ರ ಡಿಸೆಂಬರ್ 19ಕ್ಕೆ. ಫುಟ್ಬಾಲ್ ಎಂದರೆ ಊಟ ಬೇಡ ಅವನಿಗೆ. ಕೊನೆಕೊಯ್ಲಿನ ಟೈಮಿನಲ್ಲಿ ಅಂಗಳದಲ್ಲಿ ಅಡಿಕೆ ಹರವಿದ್ದರೆ ಅದರ ಅಂಚಿನಲ್ಲಿ ಉಳಿದ ಎರಡಡಿ ಜಾಗದಲ್ಲಿ ಚೆಂಡು ತಗೊಂಡು ಹೋಗುತ್ತಾನೆ, ಒಂದು ಅಡಿಕೆಗೂ ಕಾಲು ತಾಗಿಸುವುದಿಲ್ಲ. ಆದರೆ ಎಲ್ಲಿ ಆಯ್ಕೆಗೆ ಹೋದರೂ ಅವನದೇ ವಯಸ್ಸಿನವರು ಅವನಿಗಿಂತ ಒಂದು ಗೇಣು ಎತ್ತರ. ಜನವರಿಯಲ್ಲಿ ಹುಟ್ಟಿದವರ ಜೊತೆ ಇವನನ್ನು ನಿಲ್ಲಿಸುತ್ತಾರೆ, ವ್ಯತ್ಯಾಸ ಹೆಚ್ಚುಕಡಿಮೆ ಒಂದು ವರ್ಷ. ಹೋದ ಸಲ ಒಂದು ಕಡೆ ಆಯ್ಕೆ ಮಾಡುವವರು ಚೆಂಡು ಕೊಡುವ ಮೊದಲೇ ಸಾಲಲ್ಲಿ ನಿಲ್ಲಿಸಿ ಎತ್ತರ ನೋಡಿ ಅರ್ಧ ಮಕ್ಕಳನ್ನು ಮನೆಗೆ ಕಳಿಸಿದರು. ಬಸ್ಸಿನಲ್ಲಿ ಬರುವಾಗ ಅವನು ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದ. ದೇವಿಮನೆ ಘಟ್ಟ ಮುಗಿಯುವವರೆಗೂ ಒಂದು ಮಾತಿಲ್ಲ.

ಇಂಥ ಮಕ್ಕಳಿಗೆ ಮುಂದೆ ದಾರಿ ಇದೆಯಾ? ತಿಳಿದವರು ಹೇಳಿ.

---

ಬೆಂಗಳೂರಲ್ಲಿ_ಕುಮಟಾದವ · ಡಿಸೆಂಬರ್ 1, ಮಧ್ಯಾಹ್ನ 2.00

ಇದೆ. ನಿಮ್ಮ ಹುಡುಗನಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ.

ಮೊದಲು 17ರೊಳಗಿನ ವಿಶ್ವಕಪ್ ಎರಡು ವರ್ಷಕ್ಕೊಮ್ಮೆ. 2017ರಲ್ಲಿ ಭಾರತದಲ್ಲಿ ಆದಾಗ 2000ದ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ಅವಕಾಶ. ಮುಂದಿನ ಸಲ 2002ರಿಂದ ಈಚೆಗೆ ಹುಟ್ಟಿದವರಿಗೆ. ಅಂದರೆ 2001ರಲ್ಲಿ ಹುಟ್ಟಿದ ಮಗು ತನಗಿಂತ ಒಂದು ವರ್ಷ ದೊಡ್ಡವರ ಜೊತೆ ಹೋರಾಡಿ ಜಾಗ ಗಿಟ್ಟಿಸಬೇಕು. ಬೆಸ ವರ್ಷದಲ್ಲಿ ಹುಟ್ಟಿದ್ದೇ ಅವರಿಗೆ ಅಡ್ಡಿಯಾಗಿತ್ತು.

2025ರಿಂದ ಫಿಫಾ ಇದನ್ನು ಪ್ರತಿ ವರ್ಷ ಮಾಡಿದೆ. 48 ತಂಡ, ಐದು ವರ್ಷವೂ ಕತಾರಿನಲ್ಲೇ. ಏಷ್ಯಾಕ್ಕೆ 8 ಜಾಗ, ಆತಿಥೇಯ ಕತಾರ್ ಬೇರೆ. 2009ರಲ್ಲಿ ಹುಟ್ಟಿದವರಿಗೆ 2026, 2010ಕ್ಕೆ 2027, 2011ಕ್ಕೆ 2028, ನಿಮ್ಮ ಮಾಣಿಯ 2012ಕ್ಕೆ 2029. ಹೀಗೆ ಪ್ರತಿ ವರ್ಷ ಹುಟ್ಟಿದ ಮಕ್ಕಳಿಗೂ ಅವರದೇ ಒಂದು ಬಾಗಿಲು ಇದೆ.

ಡಿಸೆಂಬರ್ ಮಗುವಿನ ಕಷ್ಟ ಇದರಿಂದ ಪೂರ್ತಿ ಹೋಗುವುದಿಲ್ಲ ನಿಜ. ಆದರೆ ಎತ್ತರ ನೋಡಿ ಮನೆಗೆ ಕಳಿಸುವವರ ಹತ್ತಿರ ಮಗುವನ್ನು ಬಿಡಬೇಡಿ. ಹದಿನೈದರ ಮೇಲೆ ಉದ್ದ ಬರುತ್ತದೆ. ಎರಡಡಿ ಜಾಗದಲ್ಲಿ ಚೆಂಡು ಇಟ್ಟುಕೊಳ್ಳುವುದು ಆ ವಯಸ್ಸಿಗೆ ಹೊಸದಾಗಿ ಬರುವುದಿಲ್ಲ.

---

ಬೈತಖೋಲ_ತಾಯಿ · ಡಿಸೆಂಬರ್ 1, ಸಂಜೆ 4.45

ಎಲ್ಲರೂ ಹುಡುಗರ ಬಗ್ಗೆಯೇ ಬರೆಯುತ್ತಿದ್ದೀರಿ. ಅಕ್ಟೋಬರ್ 17ಕ್ಕೆ ಬಿಷ್ಕೆಕ್‌ನಲ್ಲಿ ನಮ್ಮ 17ರೊಳಗಿನ ಹುಡುಗಿಯರು ಉಜ್ಬೆಕಿಸ್ತಾನದ ಮೇಲೆ ಗೆದ್ದರು. ಅವರೂ ಮೊದಲು ಒಂದು ಗೋಲು ಬಿಟ್ಟುಕೊಟ್ಟಿದ್ದರು. ಆಮೇಲೆ ತಂಡಾಮೊನಿ ಬಾಸ್ಕೆ ಒಂದು, ಅನುಷ್ಕಾ ಕುಮಾರಿ ಒಂದು, 2-1. ಚೀನಾದಲ್ಲಿ ನಡೆಯುವ ಏಷ್ಯಾ ಕಪ್ಪಿಗೆ ಹೊರಟಿದ್ದಾರೆ. ಅರ್ಹತಾ ಸುತ್ತು ಆಡಿ ಗೆದ್ದು ಹೋಗುತ್ತಿರುವುದು ಇದೇ ಮೊದಲು. 2022ರಲ್ಲಿ ವಿಶ್ವಕಪ್ ನಮ್ಮ ದೇಶದಲ್ಲೇ ಇತ್ತು, ಆತಿಥೇಯರು ಎಂದು ಜಾಗ ಸಿಕ್ಕಿತ್ತು, ಮೂರೂ ಪಂದ್ಯ ಸೋತಿದ್ದೆವು. ಈ ಸಲದ್ದು ಆ ಹುಡುಗಿಯರು ತಾವೇ ದುಡಿದು ಪಡೆದದ್ದು. ಅವತ್ತು ಇಲ್ಲಿ ಯಾರಾದರೂ ಬರೆದಿರಾ?

ನನ್ನ ಮಗಳು ಏಳನೇ ಕ್ಲಾಸು. ಅವಳ ಅಪ್ಪ ಬೋಟಿನ ಮೇಲೆ ಹೋಗುತ್ತಾರೆ, ವಾರಗಟ್ಟಲೆ ಇರುವುದಿಲ್ಲ. ನಾನು ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸ. ಅವಳು ಬಲೆ ಒಣಗಿಸುವ ಜಾಗದಲ್ಲಿ ಹುಡುಗರ ಜೊತೆ ಬರಿಗಾಲಿನಲ್ಲಿ ಆಡಿ ಕಲಿತವಳು. ಹರಿದ ಬಲೆಯ ತುಂಡನ್ನು ಎರಡು ಗಳಕ್ಕೆ ಕಟ್ಟಿ ಗೋಲ್ ಮಾಡಿಕೊಂಡಿದ್ದಾರೆ. ಚೆಂಡು ಬಲೆಗೆ ತಾಗುವ ಸದ್ದು ಕೇಳಬೇಕಂತೆ ಅವಳಿಗೆ, ಅದಕ್ಕೇ ಬಲೆ ಬೇಕು ಎಂದು ಹಟ. ಈಗ ದೊಡ್ಡವಳಾದಳು, ಹುಡುಗರ ಜೊತೆ ಆಡಿಸಬೇಡ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಹುಡುಗಿಯರ ತಂಡ ಎಲ್ಲಿದೆ ಹೇಳಿ, ನಾನು ಕಳಿಸುತ್ತೇನೆ. ಮಾಸ್ತರರು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಒಂದೂ ಇಲ್ಲ. ಅವಳು ಇದುವರೆಗೆ ಒಂದೂ ಪಂದ್ಯ ಆಡಿಲ್ಲ.

---

ಮಾಲಾದೇವಿ_ಮೈದಾನ · ಡಿಸೆಂಬರ್ 1, ಸಂಜೆ 5.10

ತಂಗಿ, ನೀವು ಹೇಳಿದ್ದು ಸರಿ. ನಾನು ಬರೆಯಬೇಕಿತ್ತು, ಬರೆಯಲಿಲ್ಲ. ಮಗಳನ್ನು ನಾಳೆಯಿಂದಲೇ ಕಳಿಸಿ. ಹನ್ನೆರಡರ ಮಕ್ಕಳಲ್ಲಿ ಹುಡುಗ ಹುಡುಗಿ ಒಟ್ಟಿಗೆ ಆಡಿದರೆ ಏನೂ ತಪ್ಪಿಲ್ಲ. ನನ್ನ ಹತ್ತಿರ ಈಗ ಇಬ್ಬರು ಹುಡುಗಿಯರು ಇದ್ದಾರೆ, ಇವಳು ಬಂದರೆ ಮೂವರು.

---

ಅಂಕೋಲಾ_ಅಕ್ಕೋರು · ಡಿಸೆಂಬರ್ 1, ರಾತ್ರಿ 9.00

ನಾನು ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ನಾಕೌಟ್ ಯಾಕೆ ಎಂದು ಮೊದಲು ಹೇಳುತ್ತೇನೆ, ದೈಹಿಕ ಶಿಕ್ಷಕರ ಮೇಲೆ ಯಾರಿಗೂ ಸಿಟ್ಟು ಬೇಡ. ತಾಲೂಕು ಕೂಟಕ್ಕೆ ಸಿಗುವುದು ಒಂದೆರಡು ದಿನ. ಅಷ್ಟರಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್, ಓಟ, ಜಿಗಿತ ಎಲ್ಲ ಮುಗಿಯಬೇಕು. ಮಳೆಗಾಲ, ಮಕ್ಕಳಿಗೆ ಊಟ, ಬಾಡಿಗೆ ಟೆಂಪೊ, ಕತ್ತಲಾಗುವ ಮೊದಲು ಮನೆ. ಎಲ್ಲರೂ ಎಲ್ಲರ ಎದುರು ಆಡುವ ಲೀಗ್ ಆಡಿಸಲು ದಿನವೇ ಇಲ್ಲ. ಅದು ಶಾಲೆಯ ಹೊರಗೆ, ಭಾನುವಾರ ಆಗಬೇಕಾದ ಕೆಲಸ. ಇದರಲ್ಲಿ ಮಾಸ್ತರರ ಮಾತು ನೂರಕ್ಕೆ ನೂರು ಸರಿ.

ನಾನು ಬರೆಯಲು ಬಂದದ್ದು ಕಾಗದಪತ್ರದ ವಿಷಯ. ಮೈದಾನಕ್ಕೆ ಇಳಿಯುವ ಮೊದಲೇ ನಮ್ಮ ಕಡೆಯ ಮಕ್ಕಳು ಸೋಲುವುದು ಇಲ್ಲಿ. ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಮ್ಮೂರಿನಲ್ಲಿ ಅರ್ಧ ಜನರ ಹುಟ್ಟಿದ ದಿನ ಜೂನ್ 1. ಈಗ ಆಸ್ಪತ್ರೆಯಲ್ಲೇ ಹೆರಿಗೆ, ಹಾಗಾಗಿ ದಿನಾಂಕ ಸರಿ ಇರುತ್ತದೆ. ಆದರೆ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಹೆಸರು ಇಡುವ ಮೊದಲೇ ನೋಂದಣಿ ಆಗಿರುತ್ತದೆ. ಆಮೇಲೆ ಹೋಗಿ ಸೇರಿಸಲು ಯಾರಿಗೂ ನೆನಪಾಗುವುದಿಲ್ಲ. ಆಧಾರದಲ್ಲಿ ಅಪ್ಪನ ಹೆಸರು ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ.

ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಬೇಕು ಎಂಬುದು 1969ರ ಕಾನೂನು. ಒಂದು ವರ್ಷ ದಾಟಿದರೆ ಮೇಲಿನ ಅಧಿಕಾರಿಯ ಆದೇಶ ಬೇಕು, ಅಲೆದಾಟ ಆಗ ಶುರು. ತಡವಾಗಿ ಮಾಡಿಸಿದ ಪತ್ರ ಎಂದರೆ ಆಯ್ಕೆಯವರಿಗೆ ವಯಸ್ಸಿನ ಮೇಲೆ ಅನುಮಾನವೂ ಬರುತ್ತದೆ. ನಮ್ಮ ಶಾಲೆಯ ಒಬ್ಬ ಹುಡುಗ, ಹಾಲಕ್ಕಿಯವರ ಮನೆಯವನು, ಜಿಲ್ಲಾ ಆಯ್ಕೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ. ಪತ್ರ ಸರಿ ಇಲ್ಲ ಎಂದು ವಾಪಸ್ ಬಂದ. ಅದು ಸರಿಯಾಗಿ ಕೈಗೆ ಬಂದಾಗ ಅವನು ಫುಟ್ಬಾಲ್ ಬಿಟ್ಟು ಮೂರು ತಿಂಗಳಾಗಿತ್ತು. ಆ ಪತ್ರ ಈಗಲೂ ನನ್ನ ಕಪಾಟಿನಲ್ಲಿದೆ, ತಗೊಂಡು ಹೋಗಲು ಅವನು ಬರಲೇ ಇಲ್ಲ.

ಮಕ್ಕಳು ಹತ್ತು ವರ್ಷಕ್ಕೆ ಬಂದಾಗಲೇ ಈ ಮೂರು ಕಾಗದ ಪಕ್ಕದಲ್ಲಿಟ್ಟು ಹೆಸರು, ದಿನಾಂಕ ಅಕ್ಷರಕ್ಕಕ್ಷರ ನೋಡಿ.

---

ದಾಂಡೇಲಿ_ಗೋಲಿ · ಡಿಸೆಂಬರ್ 1, ರಾತ್ರಿ 11.35

ಅಕ್ಕೋರೆ ವಯಸ್ಸಿನ ಅನುಮಾನ ಎಂದಿರಿ. ಆ ಅನುಮಾನ ಹುಟ್ಟುವುದಕ್ಕೆ ನನ್ನಂಥವರೂ ಕಾರಣ. ಎಷ್ಟೋ ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ಇವತ್ತು ಬರೆಯುತ್ತೇನೆ.

ದಾಂಡೇಲಿಯಲ್ಲಿ ಬೆಳೆದವನು ನಾನು, ಗೋಲ್‌ಕೀಪರ್. ಹದಿನೆಂಟು ತುಂಬಿದ ಮೇಲೆ ಹೊರಗಿನ ಒಂದು ತಂಡದವರು ಬಂದು ಹದಿನಾರರ ಒಳಗಿನ ಟೂರ್ನಿಗೆ ಬಾ ಎಂದರು. ಕಾಗದ ಅವರೇ ಮಾಡಿಸಿದರು. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಹೊಸ ಗ್ಲೌಸ್ ಕೊಟ್ಟಿದ್ದರು, ಅದರ ವಾಸನೆ ಈಗಲೂ ನೆನಪಿದೆ. ಆ ತಂಡದಲ್ಲಿ ಹದಿನೈದರ ಒಬ್ಬ ಕೀಪರ್ ಇದ್ದ. ಅವನು ಐದೂ ಪಂದ್ಯ ಬೆಂಚಿನಲ್ಲಿ ಕೂತ. ಪ್ರತಿ ಪಂದ್ಯಕ್ಕೆ ಮೊದಲು ನನಗೆ ಚೆಂಡು ಎಸೆದು ಅಭ್ಯಾಸ ಮಾಡಿಸುತ್ತಿದ್ದವನು ಅವನೇ. ಕೊನೆಯ ದಿನ "ಅಣ್ಣಾ, ಚೆನ್ನಾಗಿ ಹಿಡಿದಿರಿ" ಎಂದ. ಅಣ್ಣ ಎಂದು ಕರೆದ. ಅವನಿಗೂ ಗೊತ್ತಿತ್ತು.

ಈಗ ಹಾಗೆ ನಡೆಯುವುದು ಕಷ್ಟ. 2009ರಿಂದ ಫಿಫಾ 17ರೊಳಗಿನ ಹುಡುಗರ ವಿಶ್ವಕಪ್ಪಿನಲ್ಲಿ ಮಣಿಕಟ್ಟಿನ ಎಂಆರ್‌ಐ ನೋಡುತ್ತದೆ. ಮುಂಗೈ ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಒಂದಿರುತ್ತದೆ, ಅದು ಪೂರ್ತಿ ಕೂಡಿಕೊಂಡಿದ್ದರೆ ಹದಿನೇಳು ದಾಟಿದೆ ಎಂದೇ ಲೆಕ್ಕ. ನಮ್ಮ ದೇಶದಲ್ಲೂ ಮಕ್ಕಳ ಟೂರ್ನಿಗಳಿಗೆ ಮೂಳೆ ಪರೀಕ್ಷೆ ಇದೆ. ಸುಳ್ಳು ಕಾಗದದಲ್ಲಿ ಮೇಲೆ ಹೋದ ಹುಡುಗ ಅಲ್ಲಿ ಸಿಕ್ಕಿಬೀಳುತ್ತಾನೆ, ಅವನ ಜಾಗದಲ್ಲಿ ಆಡಬೇಕಾಗಿದ್ದವನು ಅಷ್ಟರಲ್ಲಿ ಆಟ ಬಿಟ್ಟಿರುತ್ತಾನೆ. ಇಬ್ಬರೂ ಹೋದರು.

ಅಕ್ಕೋರು ಹೇಳಿದ ಭಾನುವಾರದ ಲೀಗ್ ಶುರುವಾದರೆ ಕೀಪರ್‌ಗಳಿಗೆ ಕಲಿಸಲು ನಾನು ಬರುತ್ತೇನೆ. ದಾಂಡೇಲಿಯಿಂದ ಕಾರವಾರಕ್ಕೆ ಬೆಳಗಿನ ಬಸ್ಸಿದೆ. ಖರ್ಚು ಕೇಳುವುದಿಲ್ಲ.

---

ಮಾಲಾದೇವಿ_ಮೈದಾನ · ಡಿಸೆಂಬರ್ 2, ಬೆಳಗ್ಗೆ 6.15

ಬನ್ನಿ. ನನ್ನ ಮೂವರು ಕೀಪರ್‌ಗಳಿಗೆ ಇದುವರೆಗೆ ಕೀಪರ್ ಆಗಿದ್ದವರು ಯಾರೂ ಕಲಿಸಿಲ್ಲ.

---

ಮಡಗಾಂವ್_ಪ್ಯಾಸೆಂಜರ್ · ಡಿಸೆಂಬರ್ 2, ಬೆಳಗ್ಗೆ 7.40

ನಾನು ಮಾಜಾಳಿಯವ, ಕೆಲಸ ಮಡಗಾಂವ್‌ನಲ್ಲಿ. ಇಷ್ಟೆಲ್ಲ ಕಷ್ಟಪಡುವ ಬದಲು ಮಕ್ಕಳನ್ನು ಗೋವೆಗೆ ಕಳಿಸಿ ಎನ್ನುವುದು ನನ್ನ ಅಭಿಪ್ರಾಯವಾಗಿತ್ತು. ನಮ್ಮ ಮನೆಯಿಂದ ಗಡಿ ಕೂಗಳತೆಯಲ್ಲಿದೆ. ಪೊಳೆ ದಾಟಿದರೆ ಪ್ರತಿ ವಾಡ್ಯದಲ್ಲೂ ಗೋಲ್‌ಪೋಸ್ಟ್ ಕಾಣುತ್ತದೆ. ಈ ತಂಡದ ಕೋಚ್ ಬಿಬಿಯಾನೋ ಫೆರ್ನಾಂಡಿಸ್ ಗೋವೆಯವರೇ. 2018ರಲ್ಲಿ ಮಲೇಷ್ಯಾದಲ್ಲಿ ನಮ್ಮ ಹುಡುಗರನ್ನು ಏಷ್ಯಾದ ಕ್ವಾರ್ಟರ್ ಫೈನಲ್ ತನಕ ಒಯ್ದವರು. ಕೊರಿಯಾ ಎದುರು 0-1ರಲ್ಲಿ ಸೋತದ್ದರಿಂದ ವಿಶ್ವಕಪ್ ಒಂದೇ ಗೆಲುವಿನ ದೂರದಲ್ಲಿ ತಪ್ಪಿತು.

ನನ್ನ ಅಕ್ಕನ ಮಗನನ್ನು ಎರಡು ವರ್ಷ ಅಲ್ಲಿಯ ಒಂದು ಕ್ಲಬ್ಬಿಗೆ ಕಳಿಸಿದೆವು. ಬೆಳಗ್ಗೆ ರೈಲಿಗೆ ಎದ್ದು ಹೋಗುವುದು, ರಾತ್ರಿ ಬರುವುದು, ವಾರಕ್ಕೆ ಮೂರು ದಿನ. ಆಟ ಚೆನ್ನಾಗಿ ಬಂತು. ಅಲ್ಲಿ ಎರಡು ವರ್ಷದಲ್ಲಿ ಆಡಿದಷ್ಟು ಪಂದ್ಯ ಇಲ್ಲಿದ್ದರೆ ಹತ್ತು ವರ್ಷಕ್ಕೂ ಸಿಗುತ್ತಿರಲಿಲ್ಲ. ಆದರೆ ಅಲ್ಲಿಯ ದೊಡ್ಡ ಆಯ್ಕೆಗೆ ಹೆಸರು ಬಂದಾಗ ಆಧಾರದ ವಿಳಾಸ ಕೇಳಿದರು. ವಿಳಾಸ ಕಾರವಾರದ್ದು. ಇತ್ತ ಕರ್ನಾಟಕದ ಆಯ್ಕೆಗೆ ಹೋದರೆ ನೋಂದಣಿ ಗೋವೆ ಕ್ಲಬ್ಬಿನಲ್ಲಿದೆ ಎಂದರು. ವರ್ಗಾವಣೆ ಮಾಡಿಸುವಷ್ಟರಲ್ಲಿ ಆ ವರ್ಷದ ಆಯ್ಕೆ ಮುಗಿದಿತ್ತು. ಮಗು ನನ್ನನ್ನೇ ಕೇಳಿತು, "ಮಾಮಾ, ನಾನು ಯಾವ ಕಡೆಯವನು?" ನನಗೆ ಉತ್ತರ ಹೊಳೆಯಲಿಲ್ಲ.

ಅಲ್ಲಿಗೆ ಕಳಿಸುವವರು ಯಾವ ರಾಜ್ಯದಲ್ಲಿ ನೋಂದಣಿ ಆಗುತ್ತಿದೆ ಎಂದು ಮೊದಲ ದಿನವೇ ಕೇಳಿಕೊಳ್ಳಿ. ಅಭ್ಯಾಸ ಪಂದ್ಯಕ್ಕೆ ಮಾತ್ರ ಕರೆದುಕೊಂಡು ಹೋಗುವುದಾದರೆ ನಾನು ಮಾತಾಡಿ ಕೊಡುತ್ತೇನೆ, ಅದಕ್ಕೆ ಕಾಗದ ಬೇಡ.

---

ಶಿರಸಿ_ತೋಟದಮನೆ · ಡಿಸೆಂಬರ್ 2, ಬೆಳಗ್ಗೆ 9.10

ಅಕ್ಕೋರು ಬರೆದದ್ದು ಓದಿ ಪೆಟ್ಟಿಗೆ ತೆಗೆದು ನೋಡಿದೆ. ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಹದಿಮೂರು ವರ್ಷ ಆಯ್ತು, ನೋಡಿಯೇ ಇರಲಿಲ್ಲ. ಇವತ್ತೇ ಹೋಗುತ್ತೇನೆ.

---

ಮುಂಡಗೋಡ_ರಸ್ತೆ · ಡಿಸೆಂಬರ್ 2, ಮಧ್ಯಾಹ್ನ 12.30

ನಾನು ಮುಂಡಗೋಡದ ಕಡೆ ಮಾಸ್ತರ. ಇಲ್ಲಿಯ ಟಿಬೆಟನ್ ಕಾಲೊನಿಯಲ್ಲಿ ಸಂಜೆ ನಾಲ್ಕಕ್ಕೆ ಬಂದು ನೋಡಿ, ದೊಡ್ಡವರು ಚಿಕ್ಕವರು ಎಲ್ಲರೂ ಫುಟ್ಬಾಲ್. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಕ್ಕಳ ಓಟ ನೋಡಿದವರಿಗೆ ನಾನು ಬೇರೆ ಹೇಳಬೇಕಿಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಹುಡುಕಿ ಅಥ್ಲೆಟಿಕ್ಸ್‌ಗೆ ತರಬೇತಿ ಕೊಟ್ಟಿತ್ತು, ಆಮೇಲೆ ಆ ಯೋಜನೆ ನಿಂತುಹೋಯಿತು. ಓಡುತ್ತಿದ್ದ ಮಕ್ಕಳು ಕಾಡಿನ ಕೆಲಸಕ್ಕೆ ವಾಪಸ್ ಹೋದರು.

2017ರ ವಿಶ್ವಕಪ್ ತಂಡದ 21 ಜನರಲ್ಲಿ 8 ಮಂದಿ ಮಣಿಪುರದವರು. ಚಿಕ್ಕ ರಾಜ್ಯ, ಗುಡ್ಡಗಾಡು, ನಮ್ಮ ಹಾಗೇ ಬಸ್ಸಿನ ತೊಂದರೆ. ಮೊನ್ನೆ ಇರಾನ್ ಮೇಲೆ ಎರಡನೇ ಗೋಲು ಹೊಡೆದವನೂ ಮಣಿಪುರದವನೇ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು? ನಮ್ಮ ಜಿಲ್ಲೆಯ ಕಾಡು, ಕಡಲು, ಘಟ್ಟದ ಮಕ್ಕಳು ಒಬ್ಬರನ್ನೊಬ್ಬರು ಎದುರಿಸಿ ಆಡಿಯೇ ಇಲ್ಲ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಕಾರವಾರ ಒಂದು ಶೈಕ್ಷಣಿಕ ಜಿಲ್ಲೆ, ಶಿರಸಿ ಇನ್ನೊಂದು. ಶಾಲಾ ಕೂಟದಲ್ಲಿ ಬೈತಖೋಲದ ಮಗಳು ಮುಂಡಗೋಡದ ಮಗಳ ಎದುರು ಆಡಬೇಕಾದರೆ ಇಬ್ಬರೂ ಬೆಳಗಾವಿ ವಿಭಾಗದ ತನಕ ಗೆದ್ದು ಬರಬೇಕು.

---

ಬೆಂಗಳೂರಲ್ಲಿ_ಕುಮಟಾದವ · ಡಿಸೆಂಬರ್ 2, ಮಧ್ಯಾಹ್ನ 1.15

ಅದೇ 2017ರಲ್ಲಿ ಕೊಲಂಬಿಯಾ ಎದುರು ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲಿಗೆ ಕಾರ್ನರ್ ಎತ್ತಿದವನು ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್. ಆ ಹಂತದ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು ಅದು. ಕರ್ನಾಟಕದ ಮಗುವಿನ ಕಾಲು ಅದರಲ್ಲಿತ್ತು. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯದಲ್ಲಿ ಆಟ ಇದೆ. ಅದು ಘಟ್ಟ ಇಳಿದು ನಮ್ಮ ಕಡೆ ಬರಬೇಕು.

ಸದಾಶಿವಗಡದವರು ಎಡಗಾಲಿನ ಹುಡುಗನ ಬಗ್ಗೆ ಬರೆದಾಗ ನನಗೆ ಸ್ಟಾಲಿನ್‌ನ ಆ ಕಾರ್ನರ್ ನೆನಪಾಯಿತು. ಆ ಹುಡುಗನ ಹೋಗಿಬರುವ ರಿಕ್ಷಾ ಬಾಡಿಗೆ ಎಷ್ಟಾಗುತ್ತದೆ ಎಂದು ತಿಳಿಸಿ. ತಿಂಗಳು ತಿಂಗಳು ನಾನು ಕೊಡುತ್ತೇನೆ.

---

ಮಾಲಾದೇವಿ_ಮೈದಾನ · ಡಿಸೆಂಬರ್ 2, ರಾತ್ರಿ 8.30

ಎಲ್ಲರದ್ದೂ ಎರಡೆರಡು ಸಲ ಓದಿದೆ. ಮನಸ್ಸಿಗೆ ಬಂದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಅಹಮದಾಬಾದಿನಲ್ಲಿ ನಮ್ಮ ಗುಂಪಿನಲ್ಲಿ ಐದು ತಂಡ ಇತ್ತು. ನಾಕೌಟ್ ಆಗಿದ್ದರೆ ನಾಲ್ಕೇ ಪಂದ್ಯದಲ್ಲಿ ಎಲ್ಲ ಮುಗಿದು ಕೆಲವರು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತಿದ್ದರು. ಲೀಗ್ ಆದ್ದರಿಂದ ಹತ್ತು ಪಂದ್ಯ, ಪ್ರತಿ ತಂಡಕ್ಕೆ ನಾಲ್ಕು. ನಾವೂ ಹಾಗೇ ಮಾಡೋಣ. ಕೋಡಿಬಾಗ, ಸದಾಶಿವಗಡ, ಬೈತಖೋಲ, ಅಂಕೋಲಾ, ಶಿರಸಿ. ಏಳೇಳು ಜನ, ಬದಲಿಗೆ ಮೂವರು. 2012ರ ಜನವರಿ 1ರಿಂದ ಈಚೆಗೆ ಹುಟ್ಟಿದವರು. ಹುಡುಗ ಹುಡುಗಿ ಕೂಡಿ ಆಡಬಹುದು, ಪ್ರತಿ ತಂಡದಲ್ಲಿ ಕನಿಷ್ಠ ಒಬ್ಬ ಹುಡುಗಿ ಇರಲೇಬೇಕು. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅವಧಿ. ಭಾನುವಾರಕ್ಕೆ ಎರಡು ಪಂದ್ಯ, ಒಂದು ತಂಡಕ್ಕೆ ವಿಶ್ರಾಂತಿ. ಐದು ಭಾನುವಾರದಲ್ಲಿ ಮುಗಿಯುತ್ತದೆ. ಸೋತವರಿಗೂ ಮುಂದಿನ ಭಾನುವಾರ ಪಂದ್ಯ ಇರುತ್ತದೆ, ನನಗೆ ಮುಖ್ಯ ಅದು.

ಮೈದಾನ ಸಿಗುವವರೆಗೆ ಕಡಲತೀರ ಸಾಕು. ಗುರುವಾರ ಹುಣ್ಣಿಮೆ, ಈ ವಾರ ನೀರು ಚೆನ್ನಾಗಿ ಇಳಿಯುತ್ತದೆ. ಇಳಿತದಲ್ಲಿ ನೀರಂಚಿನ ಮರಳು ಗಟ್ಟಿ ಇರುತ್ತದೆ, ಚೆಂಡು ಸರಿಯಾಗಿ ಪುಟಿಯುತ್ತದೆ. ಗೆರೆಯನ್ನು ಕೋಲಿನಲ್ಲಿ ಎಳೆದರಾಯಿತು.

ಶಿರಸಿಯವರಿಗೆ ಪ್ರತಿ ಭಾನುವಾರ ಘಟ್ಟ ಇಳಿಯುವುದು ಕಷ್ಟ. ಅವರ ನಾಲ್ಕು ಪಂದ್ಯವನ್ನು ಎರಡು ಭಾನುವಾರಕ್ಕೆ ಕೂಡಿಸೋಣ, ಬೆಳಗ್ಗೆ ಒಂದು, ಸಂಜೆ ಒಂದು.

---

ಅಂಕೋಲಾ_ಅಕ್ಕೋರು · ಡಿಸೆಂಬರ್ 2, ರಾತ್ರಿ 9.05

ಅಂಕೋಲಾದಿಂದ ಹತ್ತು ಮಕ್ಕಳು ನನ್ನ ಜವಾಬ್ದಾರಿ. ಬರುವ ಮಕ್ಕಳೆಲ್ಲ ಮೂರು ಕಾಗದದ ಜೆರಾಕ್ಸ್ ತರಲಿ, ಪಂದ್ಯ ನಡೆಯುವಾಗ ನಾನು ಒಂದು ಕಡೆ ಕೂತು ನೋಡಿ ತಪ್ಪು ಇದ್ದಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ಕೊಡುತ್ತೇನೆ. ತಪ್ಪಿದೆ ಎಂದು ಯಾರನ್ನೂ ಆಟದಿಂದ ಹೊರಗೆ ಇಡಬಾರದು.

---

ಶಿರಸಿ_ತೋಟದಮನೆ · ಡಿಸೆಂಬರ್ 2, ರಾತ್ರಿ 9.20

ಒಂದು ಟೆಂಪೊ ಮಾಡಿಕೊಂಡು ಬರುತ್ತೇವೆ. ಮಾಣಿಗೆ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ: ಎತ್ತರ ಅಳೀತಾರಾ?

---

ಮಾಲಾದೇವಿ_ಮೈದಾನ · ಡಿಸೆಂಬರ್ 2, ರಾತ್ರಿ 9.25

ಅಳೆಯುವುದಿಲ್ಲ ಎಂದು ನನ್ನ ಹೆಸರಿನಲ್ಲಿ ಹೇಳಿ.

---

ಮುಂಡಗೋಡ_ರಸ್ತೆ · ಡಿಸೆಂಬರ್ 2, ರಾತ್ರಿ 10.00

ನಮಗೆ ದೂರ. ಲೀಗ್ ಮುಗಿದ ಮೇಲೆ ಒಂದು ದಿನ ನೀವೇ ಇಲ್ಲಿಗೆ ಬನ್ನಿ. ಮಕ್ಕಳಿಗೆ ಉಳಿಯಲು ಜಾಗ, ಊಟ ನಾನು ನೋಡಿಕೊಳ್ಳುತ್ತೇನೆ.

---

ಬೈತಖೋಲ_ತಾಯಿ · ಡಿಸೆಂಬರ್ 3, ಬೆಳಗ್ಗೆ 5.40

ಕೆಲಸಕ್ಕೆ ಹೊರಟಿದ್ದೇನೆ, ಬೇಗ ಬರೆಯುತ್ತೇನೆ. ಬೈತಖೋಲದಿಂದ ಎಂಟು ಮಕ್ಕಳು ಆದರು, ಅದರಲ್ಲಿ ಮೂವರು ಹುಡುಗಿಯರು. ನನ್ನ ಮಗಳಿಗೆ ಬೂಟು ಇಲ್ಲ, ಬರಿಗಾಲಿನಲ್ಲಿ ಆಡಬಹುದಾ? ಎಷ್ಟು ಗಂಟೆಗೆ ಬರಬೇಕು? ಗೋಲಿಗೆ ಬಲೆ ನಾವು ತರುತ್ತೇವೆ. ಬೋಟಿನವರು ಹಳೆಯದು ಎರಡು ಕೊಟ್ಟಿದ್ದಾರೆ, ನಿನ್ನೆ ರಾತ್ರಿ ಕೂತು ಹರಿದಲ್ಲೆಲ್ಲ ಹೆಣೆದೆ.

---

ಮಾಲಾದೇವಿ_ಮೈದಾನ · ಡಿಸೆಂಬರ್ 3, ಬೆಳಗ್ಗೆ 6.05

ಮರಳಿನ ಮೇಲೆ ಎಲ್ಲರೂ ಬರಿಗಾಲೇ. ಭಾನುವಾರ ಬೆಳಗ್ಗೆ ಆರೂವರೆಗೆ ಟಾಗೋರ್ ಕಡಲತೀರ. ಮೊದಲ ಪಂದ್ಯ ಬೈತಖೋಲ ಮತ್ತು ಕೋಡಿಬಾಗ. ಗಳ ನೆಡಲು ಇಬ್ಬರು ದೊಡ್ಡವರು ಸ್ವಲ್ಪ ಮುಂಚೆ ಬನ್ನಿ.